ಅಲ್ಲಾ ಪುಗಚೋವಾ: ಗಾಯಕಿಯೋ, ನಟಿಯೋ?

ಸಂಜೆಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ಹದಿನೈದು ದಿನದಿಂದ ಒಬ್ಬ ಹಾಡುಗಾರ್ತಿ ನನ್ನ ತಲೆಯಿಂದ ಇಳಿಯುತ್ತಿಲ್ಲ. ಇಲ್ಲಿ ಹಳೆಯ ಹಾಡು ಕೇಳುವವರಿದ್ದೀರಿ, ರಷ್ಯಾದಲ್ಲಿ ಓದಿ ಬಂದವರೂ ಇದ್ದೀರಿ. ಅದಕ್ಕೇ ಈ ಚರ್ಚೆ ಶುರು ಮಾಡಿದೆ.

ನನಗೆ ಮೊದಲು ಸಿಕ್ಕಿದ್ದು ಜಪಾನಿನ ಒಂದು ಹಾಡು. ಟೋಕಿಕೊ ಕಾಟೊ ಹಾಡಿದ್ದು, ಗುಲಾಬಿಗಳ ಬಗ್ಗೆ. ಎರಡನೇ ಸಲ ಕೇಳುವಾಗಲೇ ಗುನುಗಬಹುದು, ಅಷ್ಟು ಸಲೀಸು ರಾಗ. ಹುಡುಕಿದರೆ ಜಪಾನಿನವರು ತಗೊಂಡಿದ್ದು ರಷ್ಯನ್ ಹಾಡಿನಿಂದ. ಇನ್ನೂ ಹಿಂದೆ ಹೋದರೆ ರಾಗ ಲಾಟ್ವಿಯಾದ್ದು. ರೈಮಂಡ್ಸ್ ಪಾಲ್ಸ್ ಎಂಬ ಸಂಗೀತಗಾರ ಕಟ್ಟಿದ್ದು, 1981ರ ಹೊತ್ತಿಗೆ. ಲಾಟ್ವಿಯನ್ ಮಾತಿನಲ್ಲಿ ಗುಲಾಬಿಯೇ ಇಲ್ಲ. ಮಾರಾ ಎಂಬ ದೇವತೆ ಹೆಣ್ಣುಮಗುವಿಗೆ ಬದುಕು ಕೊಟ್ಟಳು, ಸುಖ ಕೊಡೋದನ್ನು ಮರೆತಳು ಅಂತ ಅದರ ಸಾರ. ಅದೇ ರಾಗಕ್ಕೆ ಕವಿ ಅಂದ್ರೇಯ್ ವೊಜ್ನೆಸೆನ್ಸ್ಕಿ ರಷ್ಯನ್ನಿನಲ್ಲಿ ಬೇರೆಯೇ ಕಥೆ ಬರೆದರು. ಒಬ್ಬ ಬಡ ಚಿತ್ರಕಾರ, ಒಬ್ಬ ನಟಿ. ಅವನು ಮನೆ ಮಾರಿದ, ಚಿತ್ರ ಮಾರಿದ, ಬಂದ ದುಡ್ಡಿಗೆಲ್ಲ ಹೂ ತಂದು ಅವಳ ಕಿಟಕಿಯ ಕೆಳಗೆ ಸುರಿದ. ಜಾರ್ಜಿಯಾದ ಚಿತ್ರಕಾರ ನಿಕೊ ಪಿರೊಸ್ಮಾನಿ ಬಗ್ಗೆ ಜನ ಹೇಳುವ ಕಥೆ ಇದು.

ಅದನ್ನು ಹಾಡಿದವರು ಅಲ್ಲಾ ಪುಗಚೋವಾ. ಅಲ್ಲಿಂದ ಶುರುವಾಯಿತು ನೋಡಿ ನನ್ನ ಹುಚ್ಚು.

ಈಗ ನನ್ನ ಪ್ರಶ್ನೆ. ಎಲ್ಲಿ ಓದಿದರೂ ‘ಗಾಯಕಿ ಮತ್ತು ನಟಿ’ ಅಂತ ಬರೆದಿರುತ್ತಾರೆ. ಅವರು ನಾಯಕಿಯಾದ ‘ಹಾಡುವ ಹೆಂಗಸು’ ಸಿನಿಮಾ ನೋಡಿದೆ. ಹಾಡು ಬಂದಾಗ ಮೈ ಜುಮ್ಮೆನ್ನುತ್ತದೆ. ಮಾತಿನ ದೃಶ್ಯಗಳಲ್ಲಿ ನನಗೆ ಅಂಥದ್ದೇನೂ ಕಾಣಲಿಲ್ಲ. ಹಾಗಾದರೆ ಅವರನ್ನು ನಟಿ ಅಂತ ಯಾಕೆ ಕರೀತಾರೆ? ತಿಳಿದವರು ಹೇಳಿ.

ಹಳೇಕ್ಯಾಸೆಟ್:
ಮೇಡಂ, ಒಳ್ಳೆ ವಿಷಯ ಎತ್ತಿದ್ದೀರಿ. ನನ್ನ ಮಟ್ಟಿಗೆ ಅವರು ಗಾಯಕಿ. ನಟಿ ಅನ್ನೋದು ಆಮೇಲೆ ಅಂಟಿಕೊಂಡ ಮಾತು.

ಸ್ವಲ್ಪ ಹಿನ್ನೆಲೆ ಹೇಳ್ತೀನಿ. 1949ರ ಏಪ್ರಿಲ್ 15ರಂದು ಮಾಸ್ಕೋದಲ್ಲಿ ಹುಟ್ಟಿದ್ದು. ಅಪ್ಪ ಅಮ್ಮ ಇಬ್ಬರೂ ಯುದ್ಧರಂಗ ಕಂಡವರು. ಚಿಕ್ಕಂದಿನಲ್ಲೇ ಪಿಯಾನೊ ಪಾಠ. ಆಮೇಲೆ ಇಪ್ಪೊಲಿತೊವ್-ಇವಾನೊವ್ ಸಂಗೀತ ಶಾಲೆಯಲ್ಲಿ ಮೇಳ ನಿರ್ದೇಶನ ಕಲಿತರು, 1969ರಲ್ಲಿ ಮುಗಿಸಿದರು. ಓದುವಾಗಲೇ ‘ರೋಬೋ’ ಅನ್ನೋ ಹಾಡು ರೇಡಿಯೋದಲ್ಲಿ ಬಂದಿತ್ತು. ‘ಯೂನಸ್ತ್’ ರೇಡಿಯೋದವರ ತಂಡದ ಜೊತೆ ತ್ಯುಮೆನ್ ಕಡೆಗೆ ಹೋಗಿ, ಎಣ್ಣೆಬಾವಿ ಕೆಲಸಗಾರರ ಮುಂದೆ ಹಾಡಿದರು.

ಇಷ್ಟಾದ ಮೇಲೆ ಹೆಸರು ಬಂತು ಅಂದುಕೊಂಡರೆ ತಪ್ಪು. ಆ ರೇಡಿಯೋ ಹಾಡಿನಿಂದ ಲೆಕ್ಕ ಹಾಕಿದರೆ ಸುಮಾರು ಹತ್ತು ವರ್ಷ ಒಂದು ವಾದ್ಯವೃಂದದಿಂದ ಇನ್ನೊಂದಕ್ಕೆ ಅಲೆದರು. 1974ರಲ್ಲಿ ಇಡೀ ಸೋವಿಯತ್ ದೇಶದ ಸ್ಪರ್ಧೆ ನಡೆಯಿತು. ಅದರಲ್ಲೂ ಇವರಿಗೆ ಮೂರನೇ ಸ್ಥಾನ. ಆಗ ವಯಸ್ಸು 25. ಅಷ್ಟು ವರ್ಷ ಆ ಕಂಠ ಅಲ್ಲೇ ಇತ್ತು. ಕೇಳುವ ಕಿವಿ ಇರಲಿಲ್ಲ, ಅದೇ ನನಗೆ ಸಂಕಟ.

ರಂಗಸ್ಥಳ:
ಸರ್, ನಿಮ್ಮ ಮಾತಿನಲ್ಲೇ ನನ್ನ ಉತ್ತರ ಇದೆ. ಕಂಠ ಹತ್ತು ವರ್ಷ ಅಲ್ಲೇ ಇತ್ತು ಅಂದಿರಿ. ಹಾಗಾದರೆ 1975ರಲ್ಲಿ ಬದಲಾಗಿದ್ದು ಏನು?

ಬಲ್ಗೇರಿಯಾದ ಕಡಲತೀರದಲ್ಲಿ ‘ಗೋಲ್ಡನ್ ಆರ್ಫಿಯಸ್’ ಅಂತ ಸ್ಪರ್ಧೆ ನಡೀತಿತ್ತು. ಬಂದವರು ಬಲ್ಗೇರಿಯದ ಹಾಡನ್ನೂ ಹಾಡಬೇಕು. ಪುಗಚೋವಾ ಆರಿಸಿಕೊಂಡಿದ್ದು ಎಮಿಲ್ ದಿಮಿತ್ರೊವ್ ಅವರ ‘ಅರ್ಲೆಕಿನೊ’. ಬೊರಿಸ್ ಬಾರ್ಕಾಸ್ ರಷ್ಯನ್ ಸಾಹಿತ್ಯ ಬರೆದರು. ‘ವೆಸ್ಯೋಲಿಯೆ ರೆಬ್ಯಾತಾ’ ತಂಡದ ಪಾವೆಲ್ ಸ್ಲೊಬೊದ್ಕಿನ್ ವಾದ್ಯ ಜೋಡಿಸಿದರು. ಹಾಡು ಒಬ್ಬ ಸರ್ಕಸ್ ಕೋಡಂಗಿಯದ್ದು. ಜನರನ್ನು ನಗಿಸೋದೇ ಅವನ ಕೆಲಸ, ಅವನ ಒಳಗೇನಿದೆ ಅಂತ ಯಾರೂ ಕೇಳೋದಿಲ್ಲ.

ಆ ದೃಶ್ಯ ಈಗಲೂ ನೋಡಲು ಸಿಗುತ್ತದೆ. ದಯವಿಟ್ಟು ನೋಡಿ. ಕೈ ಸೂತ್ರದ ಗೊಂಬೆಯ ಕೈ ಥರ ನೇತಾಡುತ್ತದೆ. ಕತ್ತು ಒಂದು ಕಡೆ ವಾಲುತ್ತದೆ. ನಡುವೆ ಒಂದು ನಗು ಬರುತ್ತದೆ. ಮೊದಲ ಸಲ ಅದು ಕೋಡಂಗಿಯ ನಗು. ಮತ್ತೆ ಬಂದಾಗ ಅದೇ ನಗುವಿನ ತುದಿ ಒಡೆದು ಹೋಗಿರುತ್ತದೆ. ಸೋವಿಯತ್ ವೇದಿಕೆಯಲ್ಲಿ ಆಗ ಎಷ್ಟೋ ಗಾಯಕರು ಮೈಕಿನ ಮುಂದೆ ನೆಟ್ಟಗೆ ನಿಂತು ಹಾಡುತ್ತಿದ್ದರು. ಅಂಥಲ್ಲಿ ಇವರು ಒಂದು ಹಾಡಿನಲ್ಲಿ ಒಂದು ಪಾತ್ರವನ್ನೇ ತಂದು ನಿಲ್ಲಿಸಿದರು. ಮೊದಲ ಬಹುಮಾನ ಇವರಿಗೇ ಬಂತು. ಊರಿಗೆ ವಾಪಸ್ ಬರುವಾಗ ಇಡೀ ದೇಶಕ್ಕೆ ಇವರ ಹೆಸರು ಗೊತ್ತಾಗಿತ್ತು.

ಸಂಜೆಮಲ್ಲಿಗೆ ಅವರೇ, ನೀವು ನಟನೆಯನ್ನು ಸಿನಿಮಾದಲ್ಲಿ ಹುಡುಕಿದಿರಿ. ಅದು ಹಾಡಿನಲ್ಲಿದೆ.

ವೋಲ್ಗಾತೀರ:
ನಾನು ವೋಲ್ಗಾ ನದಿ ದಡದ ಒಂದು ಊರಿನಲ್ಲಿ ಆರು ವರ್ಷ ಡಾಕ್ಟರ್ ಓದು ಓದಿದವನು. ನಮ್ಮ ಕರ್ನಾಟಕದ ಹುಡುಗರು ನಮ್ಮ ಬ್ಯಾಚಿನಲ್ಲೇ ಒಂದಷ್ಟು ಜನ ಇದ್ದೆವು. ನಾನು ಪುಗಚೋವಾ ದನಿ ಮೊದಲು ಕೇಳಿದ್ದು ಅವರ ದನಿ ಅಂತ ಗೊತ್ತಿಲ್ಲದೆ.

ಡಿಸೆಂಬರ್ 31ರ ರಾತ್ರಿ. ಹಾಸ್ಟೆಲಿನ ಕೆಳಗಿನ ಕೋಣೆಯಲ್ಲಿ ನಮ್ಮ ಮೇಲ್ವಿಚಾರಕಿ ಅಜ್ಜಿ ಟೀವಿ ಹಾಕಿಕೊಂಡು ಕೂತಿದ್ದರು. ನಾವು ಮೂರು ಜನ ಊರಿಗೆ ಹೋಗದೆ ಉಳಿದಿದ್ದೆವು. ಅಜ್ಜಿ ಕರೆದು ಕೂರಿಸಿ, ಆಲೂಗಡ್ಡೆ ಸಲಾಡು ಕೊಟ್ಟರು. ಟೀವಿಯಲ್ಲಿ ಬರುತ್ತಿದ್ದದ್ದು ಎಲ್ದಾರ್ ರಿಯಾಜಾನೊವ್ ಅವರ ‘ವಿಧಿಯ ಆಟ’. 1976ರ ಜನವರಿ 1ರಂದು ಮೊದಲು ತೋರಿಸಿದ್ದು. ಆಮೇಲೆ ಹೊಸ ವರ್ಷ ಅಂದರೆ ಆ ಸಿನಿಮಾ ಅನ್ನುವ ಹಾಗಾಗಿದೆ ಅಲ್ಲಿ. ಅದರಲ್ಲಿ ನಾಯಕಿ ಗಿಟಾರ್ ಹಿಡಿದು ಮೆಲ್ಲಗೆ ಹಾಡುತ್ತಾಳೆ. ಅಜ್ಜಿ ನನ್ನ ಕಡೆ ತಿರುಗಿ, ‘ಮುಖ ನೋಡಬೇಡ, ಕೇಳು. ಇದು ಅಲ್ಲಾ ಬೊರಿಸೊವ್ನಾ’ ಅಂದರು. ಪುಗಚೋವಾ ಅವರನ್ನು ಅಲ್ಲಿ ಗೌರವದಿಂದ ಕರೆಯೋದು ಹಾಗೆ.

ಆ ಪಾತ್ರ ಮೂರು ಹೆಂಗಸರದ್ದು. ಮುಖ ಪೋಲೆಂಡಿನ ಬಾರ್ಬರಾ ಬ್ರಿಲ್ಸ್ಕಾ ಅವರದ್ದು. ಮಾತು ವಲೆಂತಿನಾ ತಲೀಜಿನಾ ಅವರದ್ದು. ಹಾಡು ಪುಗಚೋವಾ ಅವರದ್ದು. ನಮಗೆ ಹಿನ್ನೆಲೆ ಗಾಯನ ಹೊಸದೇನಲ್ಲ, ಆದರೂ ಅಷ್ಟು ಚೆನ್ನಾಗಿ ಹೊಂದಿಕೊಂಡಿದ್ದು ನಾನು ಕಡಿಮೆ ನೋಡಿದ್ದೇನೆ. ಮಿಕಾಯೆಲ್ ತರಿವೆರ್ದಿಯೆವ್ ಸಂಗೀತ. ಸಾಹಿತ್ಯ ಮರೀನಾ ತ್ಸ್ವೆತಾಯೆವಾ, ಬೆಲ್ಲಾ ಅಖ್ಮದುಲಿನಾ ಮುಂತಾದವರ ಕವಿತೆಗಳು.

ರಂಗಸ್ಥಳ:
ವೋಲ್ಗಾತೀರ, ಒಂದು ಗಮನಿಸಿ. ಸಿನಿಮಾ ತೋರಿಸಿದ್ದು 1976ರ ಮೊದಲ ದಿನವಾದರೂ, ಎರಡನ್ನೂ ಹಾಡಿದ್ದು ಅದೇ 1975ರಲ್ಲಿ. ಒಂದು ಕಡೆ ‘ಅರ್ಲೆಕಿನೊ’ದಲ್ಲಿ ಆ ದೊಡ್ಡ ನಗು. ಇನ್ನೊಂದು ಕಡೆ ಈ ಸಿನಿಮಾದಲ್ಲಿ ಪಕ್ಕದ ಕೋಣೆಯಲ್ಲಿ ಮಗು ಮಲಗಿದೆಯೇನೋ ಅನ್ನುವಷ್ಟು ಸಣ್ಣ ದನಿ. ಗೊತ್ತಿಲ್ಲದವರಿಗೆ ಎರಡನ್ನೂ ಕೇಳಿಸಿದರೆ ಒಬ್ಬರೇ ಹಾಡಿದ್ದು ಅಂತ ನಂಬೋದಿಲ್ಲ. ಪಾತ್ರಕ್ಕೆ ತಕ್ಕ ದನಿ ಹುಡುಕೋದು ನಟಿಯ ಕೆಲಸವೇ ಅಲ್ವಾ?

ಹಳೇಕ್ಯಾಸೆಟ್:
ಒಪ್ಪಿದೆ, ಅರ್ಧ ಮಾತ್ರ. ದನಿ ಬದಲಾಯಿಸಲು ಮೊದಲು ದನಿ ಬೇಕು. 1978ರಲ್ಲಿ ಪೋಲೆಂಡಿನ ಸೊಪೊಟ್‌ನಲ್ಲಿ ‘ರಾಜರಿಗೆ ಎಲ್ಲವೂ ಸಾಧ್ಯ’ ಹಾಡಿ ‘ಅಂಬರ್ ನೈಟಿಂಗೇಲ್’ ಪ್ರಶಸ್ತಿ ಗೆದ್ದರು. ರಾಜನಿಗೆ ಎಲ್ಲಾ ಆಗುತ್ತದೆ, ಪ್ರೀತಿಸಿ ಮದುವೆಯಾಗೋದು ಮಾತ್ರ ಆಗೋದಿಲ್ಲ ಅಂತ ಹಾಡು. ಅದರಲ್ಲಿ ಅವರು ಉಸಿರು ಹಿಡಿಯುವ ರೀತಿ ಕೇಳಿ. ಮೇಳ ನಿರ್ದೇಶನ ಕಲಿತವರ ಶಿಸ್ತು ಅಲ್ಲಿದೆ.

ಇನ್ನೊಂದು ವಿಷಯವನ್ನು ಜನ ಮರೀತಾರೆ. ಅವರು ಸಂಗೀತವನ್ನೂ ಕಟ್ಟುತ್ತಿದ್ದರು. ಸಂಜೆಮಲ್ಲಿಗೆ ಅವರು ಹೇಳಿದ ‘ಹಾಡುವ ಹೆಂಗಸು’ ಸಿನಿಮಾದಲ್ಲೇ ಅದರ ಕಥೆ ಇದೆ. ಸಂಗೀತಕ್ಕೆ ಅಲೆಕ್ಸಾಂಡರ್ ಜಾತ್ಸೆಪಿನ್ ಇದ್ದರು. ಜೊತೆಗೆ ಬೊರಿಸ್ ಗೊರ್ಬೊನೊಸ್ ಅನ್ನುವವರ ಹಾಡುಗಳೂ ಬಂದವು. ಯಾರೋ ಹೊಸ ಹುಡುಗ ಅಂತ ಎಲ್ಲರೂ ನಂಬಿದರು. ಅದು ಪುಗಚೋವಾ ಅವರೇ ಇಟ್ಟುಕೊಂಡ ಹೆಸರು. ನಿಜ ಹೊರಗೆ ಬಂದಾಗ ಜಾತ್ಸೆಪಿನ್ ಅವರಿಗೆ ಬೇಜಾರಾಯಿತು. ಅವರ ಬೇಜಾರೂ ನ್ಯಾಯವೇ. ಆದರೆ ಹಾಡುವ ಹೆಂಗಸು ಸ್ವರ ಕಟ್ಟುತ್ತಾಳೆ ಅಂದರೆ ಕಲಾ ಸಮಿತಿ ಒಪ್ಪುವುದು ಕಷ್ಟ ಅನ್ನಿಸಿಯೇ ಆ ದಾರಿ ಹಿಡಿದಿರಬೇಕು ಅಂತ ನನ್ನ ಊಹೆ. ಷೇಕ್ಸ್‌ಪಿಯರನ 90ನೇ ಸುನೀತಕ್ಕೆ ಅವರು ಹಾಕಿದ ಸ್ವರ ಆ ಸಿನಿಮಾದಲ್ಲಿದೆ. ಕೇಳಿದರೆ ಬೇರೆ ಹೆಸರಿನ ಹಿಂದೆ ಅಡಗಿಕೊಳ್ಳಬೇಕಾದ ಕೆಲಸವೇ ಅಲ್ಲ ಅದು.

ಸಂಜೆಮಲ್ಲಿಗೆ:
ಅಯ್ಯೋ, ಆ ಸುನೀತ ಅವರದ್ದೇ ಸ್ವರ ಅಂತ ಗೊತ್ತೇ ಇರಲಿಲ್ಲ! ನಾನು ಮೂರು ಸಲ ಕೇಳಿದ್ದು ಅದೊಂದನ್ನೇ. ಕೈಬಿಡೋದಾದರೆ ಈಗಲೇ ಬಿಡು, ಉಳಿದ ಕಷ್ಟಗಳೆಲ್ಲ ಬಂದು ಹೋದ ಮೇಲೆ ಕೊನೆಯ ಪೆಟ್ಟು ಆಗಬೇಡ ಅಂತ ಅದರ ಮಾತು. ಸರ್, ತುಂಬಾ ಥ್ಯಾಂಕ್ಸ್.

ಪುಸ್ತಕಹುಳು:
ನಾನು ನವಕರ್ನಾಟಕದ ಅಂಗಡಿಯಲ್ಲಿ ಸೋವಿಯತ್ ಪುಸ್ತಕ ಕೊಂಡು ಬೆಳೆದ ತಲೆಮಾರಿನವಳು. ಎರಡು ಮೂರು ರೂಪಾಯಿಗೆ ಗಟ್ಟಿ ರಟ್ಟಿನ ಪುಸ್ತಕ. ಅದರ ಮೂಲಕ ನಾವು ಕಂಡ ರಷ್ಯಾದಲ್ಲಿ ಟ್ರ್ಯಾಕ್ಟರ್ ಇತ್ತು, ಗಗನಯಾತ್ರಿಗಳಿದ್ದರು, ಬರ್ಚ್ ಮರ ಇತ್ತು. ಹೀಗೆ ಕೆಂಗೂದಲು ಕೆದರಿಕೊಂಡು ಸಡಿಲ ನಿಲುವಂಗಿ ತೊಟ್ಟು ಹಾಡುವ ಹೆಂಗಸು ನಮ್ಮ ಕಣ್ಣಿಗೆ ಬೀಳಲೇ ಇಲ್ಲ. ಆಗಲೇ ಕೇಳಿದ್ದರೆ ಅನ್ನಿಸುತ್ತಿದೆ.

ಒಂದು ಅನುಮಾನ. ಆ ಸಿನಿಮಾವನ್ನು ಅಲ್ಲಿನ ಜನ ಹೇಗೆ ಕಂಡರು?

ಹಳೇಕ್ಯಾಸೆಟ್:
ಮೇಡಂ, ಜನ ಮುಗಿಬಿದ್ದರು. 1979ರಲ್ಲಿ ಬಿಡುಗಡೆ, ನೋಡಿದವರು ಐದು ಕೋಟಿಗೂ ಜಾಸ್ತಿ. ‘ಸೊವೆತ್ಸ್ಕಿ ಎಕ್ರಾನ್’ ಪತ್ರಿಕೆಯ ಓದುಗರು ಆ ವರ್ಷದ ಅತ್ಯುತ್ತಮ ನಟಿ ಅಂತ ಇವರನ್ನೇ ಆರಿಸಿದರು. ನನ್ನ ವಾದಕ್ಕೆ ಇದು ವಿರುದ್ಧ ಅಂತ ಗೊತ್ತು, ಆದರೂ ಇದ್ದದ್ದು ಹೇಳಬೇಕು. ಚಿತ್ರರಂಗದ ವೃತ್ತಿ ನಟಿಯರು ಎಷ್ಟು ಜನ ಇದ್ದರು ಆಗ! ಅವರನ್ನೆಲ್ಲ ಬಿಟ್ಟು ಓದುಗರು ಹಾಡುಗಾರ್ತಿಯನ್ನು ಆರಿಸಿದರು. 1985ರಲ್ಲಿ ಇನ್ನೊಂದು ಸಿನಿಮಾ ಬಂತು, ‘ಬಂದೆ, ಹೇಳುತ್ತೇನೆ’ ಅಂತ. ಕಥೆ ಹೆಚ್ಚೇನಿಲ್ಲ. ಹಾಡುಗಳಿಗಾಗಿ ನೋಡಬಹುದು.

ರಂಗಸ್ಥಳ:
ಜನ ಸುಮ್ನೆ ಆರಿಸಲಿಲ್ಲ ಸರ್. ನಾನು ರಂಗಭೂಮಿಯಲ್ಲಿ ಬೆಳಕಿನ ಕೆಲಸ ಮಾಡುವವನು, ಅದಕ್ಕೆ ನನಗೆ ಈ ಭಾಗವೇ ಜಾಸ್ತಿ ಇಷ್ಟ.

ಹೆಸರು ಉತ್ತುಂಗದಲ್ಲಿ ಇದ್ದಾಗ ಅವರು ಮತ್ತೆ ವಿದ್ಯಾರ್ಥಿಯಾದರು. ಮಾಸ್ಕೋದ ಗಿತೀಸ್ ಅಂದರೆ ದೊಡ್ಡ ನಾಟಕ ಶಾಲೆ. ಅಲ್ಲಿ ನಿರ್ದೇಶನ ವಿಭಾಗ ಸೇರಿ 1981ರಲ್ಲಿ ಪದವಿ ಪಡೆದರು. ಅವರು ಓದಿದ್ದು ‘ಎಸ್ತ್ರಾದಾ’ ನಿರ್ದೇಶನ. ಎಸ್ತ್ರಾದಾ ಅಂದರೆ ಹಾಡು, ಹಾಸ್ಯ, ಕುಣಿತ ಎಲ್ಲಾ ಸೇರಿದ ವೇದಿಕೆ. ಪದವಿಗಾಗಿ ಒಪ್ಪಿಸಿದ ಕೆಲಸ ‘ಗಾಯಕಿಯ ಸ್ವಗತಗಳು’ ಎಂಬ ಕಾರ್ಯಕ್ರಮ. ಸ್ವಗತ! ಹಾಡುಗಳು ಅಂತ ಹೆಸರಿಡಲಿಲ್ಲ ನೋಡಿ.

ಅವರ ಮೊದಲ ಗಂಡ ಮಿಕೊಲಸ್ ಒರ್ಬಾಕಸ್, ಲಿಥುವೇನಿಯಾದ ಸರ್ಕಸ್ ಕಲಾವಿದ. ಪುಗಚೋವಾ ಕೂಡ ಸರ್ಕಸ್ ಶಾಲೆಯಲ್ಲಿ ಪಿಯಾನೊ ನುಡಿಸುವ ಕೆಲಸ ಮಾಡಿದ್ದವರು. ಕೋಡಂಗಿಗಳು ಅಭ್ಯಾಸ ಮಾಡೋದನ್ನು ದಿನಾ ಹತ್ತಿರದಿಂದ ನೋಡಿದ್ದರು ಅಂತ ಕಾಣುತ್ತದೆ. ‘ಅರ್ಲೆಕಿನೊ’ ಎಲ್ಲಿಂದ ಬಂತು ಅಂತ ನಾನು ಬಹಳ ದಿನ ಯೋಚಿಸುತ್ತಿದ್ದೆ. ಇದನ್ನು ಓದಿದ ಮೇಲೆ ಯೋಚನೆ ನಿಂತಿತು. ಆ ಸರ್ಕಸ್ ಅವರನ್ನು ಬಿಡಲೂ ಇಲ್ಲ. ಗುಲಾಬಿಗಳ ಹಾಡನ್ನು 1983ರ ಹೊಸ ವರ್ಷದ ಟೀವಿ ಕಾರ್ಯಕ್ರಮದಲ್ಲಿ ಹಾಡಿದ್ದು ಎಲ್ಲಿ ಗೊತ್ತಾ? ಮಾಸ್ಕೋದ ಸರ್ಕಸ್ಸಿನಲ್ಲಿ, ಮೇಲೆ ತೂಗುವ ಟ್ರಪೀಜ್ ಮೇಲೆ ಕೂತು.

ಆಮೇಲೆ 1988ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. ಅದಕ್ಕೆ ಇಟ್ಟ ಹೆಸರು ‘ಹಾಡಿನ ರಂಗಭೂಮಿ’. ಮೊದಲ ದಿನದಿಂದ ಅವರು ಮಾಡುತ್ತಿದ್ದದ್ದೇ ಅದು.

ಹಳೇಕ್ಯಾಸೆಟ್:
ಈ ಟ್ರಪೀಜ್ ವಿಷಯ ಹೊಸದು ನನಗೆ. ನೋಡಿ ಬಂದೆ ಈಗ. ಅಷ್ಟು ಎತ್ತರದಲ್ಲಿ ಕೂತು ಹಾಗೆ ನಗುತ್ತಾ ಹಾಡೋದು... ಸರಿ ಸರ್, ಈ ಸುತ್ತು ನಿಮ್ಮದೇ.

ಪುಸ್ತಕಹುಳು:
ಆಗಿನ ಸೋವಿಯತ್ ನಾಯಕ ಬ್ರೆಜ್ನೆವ್ ಬಗ್ಗೆ ಒಂದು ಚುಟುಕು ಓದಿದ್ದೆ, ಇವರಿಗೆ ಸಂಬಂಧಿಸಿದ್ದು. ಮುಂದಿನ ಕಾಲದ ವಿಶ್ವಕೋಶದಲ್ಲಿ ‘ಬ್ರೆಜ್ನೆವ್ ಯಾರು?’ ಅಂತ ನೋಡಿದರೆ ‘ಪುಗಚೋವಾ ಕಾಲದ ಒಬ್ಬ ಸಣ್ಣ ರಾಜಕಾರಣಿ’ ಅಂತ ಇರುತ್ತದಂತೆ. ನಿಜಕ್ಕೂ ಅಲ್ಲಿನ ಜನ ಹೇಳಿಕೊಳ್ಳುತ್ತಿದ್ದರಾ?

ವೋಲ್ಗಾತೀರ:
ಹೌದು ಅಕ್ಕಾ, ನಮ್ಮ ಹಾಸ್ಟೆಲಿನ ಅಜ್ಜಿ ಬಾಯಲ್ಲೂ ಕೇಳಿದ್ದೇನೆ. ಅಜ್ಜಿಗೆ ಪುಗಚೋವಾ ಅಂದರೆ ಮನೆಯವರು. ಗಂಡ ಬಿಟ್ಟದ್ದು, ದಪ್ಪ ಆದದ್ದು, ಕೋಪ ಮಾಡಿಕೊಂಡದ್ದು ಎಲ್ಲಾ ಗೊತ್ತು, ಎಲ್ಲಾ ಮಾಫಿ. ಒಂದು ವಿಷಯ ಹೇಳುವಾಗ ಮಾತ್ರ ಅಜ್ಜಿ ದನಿ ತಗ್ಗಿಸುತ್ತಿದ್ದರು, ಅದು ಚೆರ್ನೊಬಿಲ್.

ಅಣುಸ್ಥಾವರ ಸಿಡಿದದ್ದು 1986ರ ಏಪ್ರಿಲ್ 26ಕ್ಕೆ. ಮೇ 30ಕ್ಕೆ ಮಾಸ್ಕೋದ ಒಲಿಂಪಿಸ್ಕಿ ಕ್ರೀಡಾಂಗಣದಲ್ಲಿ ಸಹಾಯಾರ್ಥ ಕಾರ್ಯಕ್ರಮ ನಡೆಯಿತು. ದುಡ್ಡು ಹಾಕಬೇಕಾದ ಖಾತೆಯ ಸಂಖ್ಯೆಯೇ ಅದರ ಹೆಸರು: ‘ಖಾತೆ ಸಂಖ್ಯೆ 904’. ರಾಕ್ ತಂಡಗಳ ಜೊತೆ ಪುಗಚೋವಾ ಹಾಡಿದರು. ಅಲ್ಲಿಗೆ ಬಿಡಲಿಲ್ಲ. ಸೆಪ್ಟೆಂಬರಿನಲ್ಲಿ ಚೆರ್ನೊಬಿಲ್ ಕೆಲಸಗಾರರು ಉಳಿದುಕೊಂಡಿದ್ದ ಜೆಲ್ಯೋನಿ ಮಿಸ್‌ಗೇ ಹೋಗಿ ಹಾಡಿದರು. ಮಣ್ಣು ತೆಗೆಯುವವರು, ತೊಳೆಯುವವರು, ಕಾಂಕ್ರೀಟ್ ಹಾಕುವವರು ಅವರ ಮುಂದೆ ನಿಂತಿದ್ದರು. ನಾನು ವಿಕಿರಣ ಅಂದರೇನು ಅಂತ ಪಾಠದಲ್ಲಿ ಓದಿದವನು. ಅದೇ ವರ್ಷ ಅಲ್ಲಿಗೆ ಹೋಗೋದು ಅಂದರೆ ಏನು ಅಂತ ಗೊತ್ತು. ಆ ಹಾಡುಗಾರ್ತಿಯ ಮೇಲೆ ನನಗೆ ಗೌರವ ಹುಟ್ಟಿದ್ದು ಈ ಒಂದು ಕಾರಣಕ್ಕೆ. ಉಳಿದದ್ದೆಲ್ಲ ಆಮೇಲೆ.

ಸಂಜೆಮಲ್ಲಿಗೆ:
ಇದನ್ನು ಓದಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ.

ಮುಂದೇನಾಯಿತು? ಸೋವಿಯತ್ ದೇಶವೇ ಹೋದ ಮೇಲೆ?

ಹಳೇಕ್ಯಾಸೆಟ್:
1991ರ ಡಿಸೆಂಬರಿನಲ್ಲಿ ‘ಸೋವಿಯತ್ ಒಕ್ಕೂಟದ ಜನಕಲಾವಿದೆ’ ಬಿರುದು ಬಂತು. ಆ ಬಿರುದು ಪಡೆದ ಕೊನೆಯ ಗುಂಪು ಅದು. ಅದಾಗಿ ಕೆಲವೇ ದಿನಕ್ಕೆ ಆ ದೇಶ ಇಲ್ಲವಾಯಿತು.

1997ರಲ್ಲಿ ಡಬ್ಲಿನ್‌ನಲ್ಲಿ ಯೂರೋವಿಷನ್, ಅಂದರೆ ಯುರೋಪಿನ ದೇಶಗಳ ನಡುವಿನ ಹಾಡಿನ ಸ್ಪರ್ಧೆ. 48ನೇ ವಯಸ್ಸಿನಲ್ಲಿ ರಷ್ಯಾದ ಪರವಾಗಿ ನಿಂತು ತಾವೇ ಬರೆದ ‘ಪ್ರಿಮಡೊನ್ನಾ’ ಹಾಡಿದರು. 33 ಅಂಕ, 15ನೇ ಸ್ಥಾನ. ಸೋಲು ಅಂತ ಪತ್ರಿಕೆಗಳು ಬರೆದವು. ಯುರೋಪಿಗೆ ಮೂರು ನಿಮಿಷದಲ್ಲಿ ಇವರು ಅರ್ಥವಾಗಲಿಲ್ಲ, ಅಷ್ಟೇ. ಇವರ ಹಿಂದಿನ ಇಪ್ಪತ್ತು ವರ್ಷ ಗೊತ್ತಿದ್ದವರಿಗೆ ಆ ಹಾಡು ಬೇರೆ ಥರ ಕೇಳುತ್ತದೆ.

2009ರಲ್ಲಿ ಬೀಳ್ಕೊಡುಗೆಯ ಸುತ್ತಾಟ ಅಂತ ಘೋಷಿಸಿದರು. 2019ರಲ್ಲಿ, 70 ತುಂಬಿದಾಗ, ಕ್ರೆಮ್ಲಿನ್ ಅರಮನೆಯಲ್ಲಿ ಮತ್ತೆ ದೊಡ್ಡ ಕಾರ್ಯಕ್ರಮ. ದನಿ ಒರಟಾಗಿತ್ತು. ನನಗೆ ಆ ಒರಟು ದನಿಯೂ ಇಷ್ಟ. ದನಿಯೇ ಮುಖ್ಯ ಅಂತ ವಾದ ಮಾಡಿದ ನನಗೆ ಯಾಕೆ ಇಷ್ಟ ಅಂತ ರಂಗಸ್ಥಳ ಅವರು ಕೇಳಬಹುದು. ಉತ್ತರ ನನ್ನ ಬಳಿ ಇಲ್ಲ.

ವೋಲ್ಗಾತೀರ:
2022ರದ್ದನ್ನೂ ಹೇಳಬೇಕು. ಅವರ ಈಗಿನ ಗಂಡ ಮಕ್ಸಿಮ್ ಗಾಲ್ಕಿನ್ ಹಾಸ್ಯ ಕಲಾವಿದ, ಟೀವಿ ನಿರೂಪಕ. 2011ರಲ್ಲಿ ಮದುವೆ. ಉಕ್ರೇನ್ ಯುದ್ಧವನ್ನು ಗಾಲ್ಕಿನ್ ಬಹಿರಂಗವಾಗಿ ವಿರೋಧಿಸಿದರು. ಸೆಪ್ಟೆಂಬರಿನಲ್ಲಿ ರಷ್ಯಾ ಸರ್ಕಾರ ಅವರನ್ನು ‘ವಿದೇಶಿ ಏಜೆಂಟ್’ ಪಟ್ಟಿಗೆ ಸೇರಿಸಿತು. ಎರಡೇ ದಿನಕ್ಕೆ ಪುಗಚೋವಾ ಇನ್‌ಸ್ಟಾಗ್ರಾಮಿನಲ್ಲಿ ನ್ಯಾಯ ಇಲಾಖೆಗೆ ಬರೆದರು. ನನ್ನನ್ನೂ ಅದೇ ಪಟ್ಟಿಗೆ ಸೇರಿಸಿ, ನಾನು ಗಂಡನ ಜೊತೆಗಿದ್ದೇನೆ ಅಂತ. ಹುಸಿ ಗುರಿಗಳಿಗಾಗಿ ನಮ್ಮ ಹುಡುಗರು ಸಾಯೋದು ನಿಲ್ಲಲಿ ಅಂತಲೂ ಬರೆದರು. ದೇಶ ಬಿಟ್ಟು ಇಸ್ರೇಲಿಗೆ ಹೋದರು.

ನಮ್ಮ ಹಳೆಯ ಸಹಪಾಠಿಗಳ ಗುಂಪಿನಲ್ಲಿ ಇದರ ಬಗ್ಗೆ ದೊಡ್ಡ ಜಗಳವಾಯಿತು. ಕೆಲವರು ಹೆಮ್ಮೆ ಪಟ್ಟರು, ಕೆಲವರು ದ್ರೋಹ ಅಂದರು. ಚೆರ್ನೊಬಿಲ್ ಹತ್ತಿರ ಹೋಗಿ ಹಾಡಿದವರನ್ನು ದೇಶದ್ರೋಹಿ ಅನ್ನಲು ನನಗೆ ಬಾಯಿ ಬರೋದಿಲ್ಲ.

ಪುಸ್ತಕಹುಳು:
ಹೌದಪ್ಪಾ. ಎಲ್ಲರೂ ಕಿತ್ತಾಡುವ ಜಾಗದಲ್ಲಿ ನೀನು ನಿಧಾನವಾಗಿ ಹೇಳಿದೆ, ಒಳ್ಳೆಯದಾಯಿತು.

ಒಂದೇ ಒಂದು ಹಾಡು ಕೇಳು ಅಂದರೆ ಯಾವುದು ಹೇಳ್ತೀಯ? ಗುಲಾಬಿ ಬಿಟ್ಟು.

ವೋಲ್ಗಾತೀರ:
‘ನ್ಯೆ ಅತ್ರಿಕಾಯುತ್ಸ ಲ್ಯುಬ್ಯಾ’. ವೆರೊನಿಕಾ ತುಷ್ನೊವಾ ಎಂಬ ಕವಯಿತ್ರಿಯ ಕವಿತೆ. ಅವರು 1965ರಲ್ಲೇ ತೀರಿಕೊಂಡರು, ಹಾಡು ಕೇಳಲಿಲ್ಲ. ಮಾರ್ಕ್ ಮಿಂಕೊವ್ ಸ್ವರ ಹಾಕಿದ್ದು. ಒಬ್ಬ ಹೆಂಗಸು ಕಾಯುತ್ತಿದ್ದಾಳೆ. ಕಾಯೋದು ಬಿಟ್ಟ ದಿನ ಅವನು ದಿಢೀರ್ ಅಂತ ಬಂದುಬಿಡುತ್ತಾನೆ ಅಂತ ಅವಳಿಗೆ ಗೊತ್ತು. ಕನ್ನಡದಲ್ಲಿ ‘ಪ್ರೀತಿಸುವವರು ಕೈಬಿಡುವುದಿಲ್ಲ’ ಅನ್ನಬಹುದು.

ರಂಗಸ್ಥಳ:
‘ಕೈಬಿಡು’ ಸರಿಯಾ? ನನಗೆ ರಷ್ಯನ್ ಬರೋದಿಲ್ಲ, ಆದರೆ ಹಾಡುವ ರೀತಿ ಕೇಳಿದರೆ ಇನ್ನೂ ಗಟ್ಟಿಯಾದ ಮಾತು ಇರಬೇಕು ಅನ್ನಿಸುತ್ತದೆ.

ವೋಲ್ಗಾತೀರ:
ನೀವು ಹೇಳಿದ್ದು ಸರಿ ಸರ್. ‘ಅತ್ರಿಕಾತ್ಸ’ ಅಂದರೆ ಬಿಟ್ಟು ಹೋಗೋದಲ್ಲ. ಎಲ್ಲರ ಮುಂದೆ ‘ಅವರು ನನ್ನವರಲ್ಲ’ ಅನ್ನೋದು. ಬೈಬಲಿನಲ್ಲಿ ಪೇತ್ರ ಕೋಳಿ ಕೂಗುವ ಮುಂಚೆ ಯೇಸು ಯಾರೋ ಗೊತ್ತಿಲ್ಲ ಅಂದನಲ್ಲ, ಅಲ್ಲೂ ರಷ್ಯನ್ನಿನಲ್ಲಿ ಇದೇ ಮಾತು.

ಪುಸ್ತಕಹುಳು:
ಹಾಗಾದರೆ ‘ಅಲ್ಲಗಳೆ’. ‘ಒಲಿದವರು ಅಲ್ಲಗಳೆಯುವುದಿಲ್ಲ.’

ವೋಲ್ಗಾತೀರ:
ಅಕ್ಕಾ, ಇದೇ! ಒಂದು ಸಣ್ಣ ಬದಲಾವಣೆ ಮಾತ್ರ. ರಷ್ಯನ್ನಿನಲ್ಲಿ ‘ಲ್ಯುಬ್ಯಾ’ ಕೊನೆಗೆ ಬರುತ್ತದೆ. ಪುಗಚೋವಾ ಮೊದಲ ಎರಡು ಮಾತನ್ನು ಗಟ್ಟಿಯಾಗಿ ಹೇಳಿ, ಆ ಕೊನೆಯ ಮಾತಿಗೆ ದನಿ ಇಳಿಸುತ್ತಾರೆ.

ಸಂಜೆಮಲ್ಲಿಗೆ:
ಕೇಳಿದೆ. ‘ಅಲ್ಲಗಳೆಯುವುದಿಲ್ಲ, ಒಲಿದವರು.’ ಹೀಗೆ ಬರೆದುಕೊಂಡೆ.